ಓಡುವ ಬಯಲಿನ ಮೆರವಣಿಗೆ

ದಾರಿ ಕೇಳುತ್ತಾ ಹೊರಟವರು ನಮ್ಮ ಊರನ್ನು ಮುಟ್ಟಿದ್ದಿಲ್ಲ. ಮೂಡಣ ಸೀಮೆಯವರನ್ನು ಕೇಳಿದರೆ ಪಡುವಣಕ್ಕೆ ಕೈ ತೋರಿಸುತ್ತಾರೆ, ಪಡುವಣದವರನ್ನು ಕೇಳಿದರೆ ಮೂಡಣಕ್ಕೆ. ಎರಡೂ ಸೀಮೆಯ ನಕಾಶೆಗಳಲ್ಲಿ ನಮ್ಮ ಜಾಗ ಖಾಲಿ ಬಿಟ್ಟಿದ್ದಾರೆ. ಕೇಳುವುದನ್ನು ಬಿಟ್ಟು ಒಂದು ಮರದಡಿ ನಿಂತು ಕಿವಿಗೊಡಿ. ಊದುವ ಸನಾದಿಯದೋ ಬಾರಿಸುವ ಸಂಬಾಳದ್ದೋ, ಅದೂ ಇಲ್ಲದಿದ್ದರೆ ಬೀಸುವ ಕಲ್ಲಿನ ಮುಂದೆ ಕುಳಿತ ಯಾವುದೋ ಮುದುಕಿಯದೋ ದನಿ ಕೇಳುತ್ತದೆ. ಅದರ ಜಾಡು ಹಿಡಿದು ನಡೆದರೆ ಊಟದ ಹೊತ್ತಿಗೆ ನಮ್ಮಲ್ಲಿರುತ್ತೀರಿ. ಬಂದವರಿಗೆ ರೊಟ್ಟಿ, ಪುಂಡಿಪಲ್ಲೆ ಹಾಕುತ್ತೇವೆ. ಕೈ ತೊಳೆದ ಮೇಲೆ ಹಾಡುವ ಪಾಳಿಗೂ ಹಚ್ಚುತ್ತೇವೆ. ಹಾಡಲು ಬರುವುದಿಲ್ಲ ಎಂದರೆ ಬಿಡುವವರಲ್ಲ, ಕೈಗೆ ತಾಳ ಕೊಡುತ್ತೇವೆ.

ಈ ಊರನ್ನು ಕಟ್ಟಿದವಳು ಫಕೀರವ್ವ. ಅರಸರು ಕಟ್ಟಿದ ಊರುಗಳಲ್ಲಿ ಅರಸರ ಕಲ್ಲು ಇರುತ್ತದೆ, ನಮ್ಮಲ್ಲಿ ಅಂಥದೇನೂ ಇಲ್ಲ. ನಾನು ಅವಳನ್ನು ಕಂಡವನೂ ಅಲ್ಲ. ನನ್ನ ಮುತ್ತಜ್ಜ ಇಮಾಮಸಾಬ ಅವಳ ಮೇಳದಲ್ಲಿ ಸನಾದಿ ಊದುತ್ತಿದ್ದ. ನಮ್ಮ ಮನೆಯಲ್ಲಿ ಹೇಳುವ ಕಥೆಯಲ್ಲಿ ಊರು ಉಳಿದದ್ದು ಅವನ ಉಸಿರಿನಿಂದ. ಪಕ್ಕದ ಮನೆಯವರ ಕಥೆಯಲ್ಲಿ ಅವರ ಮುತ್ತಜ್ಜನ ಕೈಬಲದಿಂದ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಬಿಟ್ಟುಬಿಡಿ. ನಾನು ಎಲ್ಲ ಮನೆಯದನ್ನೂ ಕೇಳಿದ್ದೇನೆ, ನಮ್ಮ ಮನೆಯದರಲ್ಲಿ ಅರ್ಧ ಕಳೆದಿದ್ದೇನೆ, ಉಳಿದದ್ದನ್ನು ಹೇಳುತ್ತೇನೆ.

ಫಕೀರವ್ವನದು ಮದುವೆಯ ಮೇಳ. ಮದುಮಗನ ಕುದುರೆಯ ಮುಂದೆ ಊದುತ್ತಾ ಬಾರಿಸುತ್ತಾ ನಡೆಯುವುದು, ಹೊಸ ಸೊಸೆಯನ್ನು ಗಂಡನ ಮನೆಯ ಹೊಸ್ತಿಲಿನವರೆಗೆ ಕರೆತಂದು ಮನೆ ತುಂಬಿಸುವ ಹಾಡು ಹೇಳುವುದು ಅವರ ಕಸುಬು. ಸೊಸೆ ಅಕ್ಕಿಯ ಸೇರು ಒದ್ದು ಒಳಗೆ ಹೋಗುವಳು. ಮೇಳದವರು ಅಂಗಳದಲ್ಲೇ ಉಂಡು, ಮುಂದಿನ ಊರಿಗೆ ಗಾಡಿ ಹೂಡುವರು. ಸೀಮೆಯ ಅರ್ಧಕ್ಕರ್ಧ ಹೆಣ್ಣುಮಕ್ಕಳಿಗೆ ಮನೆ ತುಂಬಿಸಿದ ಆ ಹೆಂಗಸಿಗೆ ತನ್ನದೆಂಬ ಹೊಸ್ತಿಲು ಇರಲಿಲ್ಲ. ಹುಟ್ಟಿದ್ದು ಗಾಡಿಯ ಕೆಳಗೆ, ಲಗ್ನವಾದದ್ದು ಸಂತೆಯ ಮಾಳದಲ್ಲಿ, ಗಂಡನನ್ನು ಮಣ್ಣು ಮಾಡಿದ್ದು ಒಂದು ಹಳ್ಳದ ದಂಡೆಯಲ್ಲಿ. ಆ ಹಳ್ಳ ಎಲ್ಲಿಯದೆಂದು ಆಮೇಲೆ ಎಷ್ಟು ತಿರುಗಿದರೂ ಅವಳಿಗೆ ಸಿಗಲಿಲ್ಲ. ಇದನ್ನೆಲ್ಲ ಅವಳು ನಗುತ್ತಲೇ ಹೇಳುತ್ತಿದ್ದಳಂತೆ.

ನಗು ನಿಲ್ಲುತ್ತಿದ್ದದ್ದು ಮಗಳು ಹೊನ್ನಿಯ ಮಾತು ಬಂದಾಗ. ಹೊನ್ನಿಯ ಮೊದಲ ಕೂಸು ಹುಣಸೆ ಮರದಡಿ ಸುರಿಯುವ ಮಳೆಯಲ್ಲಿ ಹುಟ್ಟಿ, ಮಳೆ ನಿಲ್ಲುವುದರೊಳಗೆ ಹೋಯಿತು. ಎರಡನೆಯದು ಒಂದು ದೊಡ್ಡ ಊರಿನ ಅಗಸೆ ಬಾಗಿಲ ಹೊರಗೆ. ಬಾಗಿಲು ತೆಗೆಯಿರಿ, ಮಗಳು ಹಡೆಯುತ್ತಿದ್ದಾಳೆ ಎಂದು ಫಕೀರವ್ವ ಕೂಗಿಕೊಂಡರೆ, ಒಳಗಿನವರು "ಈಗ ಮದುವಿ ಇಲ್ಲ, ವೈಶಾಖದಾಗ ಬರ್ರಿ" ಎಂದರಂತೆ. ಆ ಕೂಸಿಗೆ ಹೆಸರಿಡುವ ಹೊತ್ತೂ ಆಗಲಿಲ್ಲ. ಹೊನ್ನಿ ಮತ್ತೆ ಬಸುರಾದಾಗ ಫಕೀರವ್ವ ಅಳಿಯ ಯಮನಪ್ಪನ ಮುಂದೆ, ಅವನ ಸಂಬಾಳ ಮುಟ್ಟಿ ಆಣೆ ಮಾಡಿದಳು: "ಈ ಸಲ ನನ್ನ ಮಗಳು ಬಯಲಾಗ ಹಡಿಯೂದಿಲ್ಲ. ಮ್ಯಾಲ ಸೂರು ಇರಬೇಕು. ಇಲ್ಲಂದ್ರ ನನ್ನ ಬಾಯಿಂದ ಇನ್ನೊಬ್ಬಾಕಿಗೆ ಮನಿ ತುಂಬ್ಸೂ ಹಾಡು ಬರೂದಿಲ್ಲ."

ಅವಳ ಇನ್ನೊಂದು ಹಟವನ್ನೂ ಇಲ್ಲೇ ಹೇಳಬೇಕು. ಯಾವ ಕಚೇರಿಯೇ ಇರಲಿ, ಮಂಗಳ ಹಾಡದೆ ಅವಳು ಮುಗಿಸುತ್ತಿರಲಿಲ್ಲ. ಮಂಗಳವಾದ ಮೇಲೆ ವಾದ್ಯಗಳಿಗೆ ವಸ್ತ್ರ ಸುತ್ತಿಬಿಡಬೇಕು, ಮರುದಿನ ಸೂರ್ಯ ಹುಟ್ಟುವವರೆಗೆ ಯಾರೂ ಮುಟ್ಟಬಾರದು, ಗುನುಗಲೂ ಬಾರದು. ಅದು ಅವಳ ತಾಯಿಯಿಂದ ಬಂದ ಕಟ್ಟಳೆ. ಒಮ್ಮೆ ಯಮನಪ್ಪ ಮಂಗಳ ಮುಗಿದ ಮೇಲೆ ಊಟದ ಸಾಲಿನಲ್ಲಿ ಕುಳಿತು ಎಲೆಯ ಅಂಚಿನ ಮೇಲೆ ಬೆರಳಿನಿಂದ ತಾಳ ಹಾಕಿದನೆಂದು ಅವನನ್ನು ಹೋಳಿಗೆಯ ಮುಂದಿನಿಂದ ಎಬ್ಬಿಸಿ ಕಳಿಸಿದ್ದಳು. ಅಳಿಯನನ್ನು ಪಂಕ್ತಿಯಿಂದ ಎಬ್ಬಿಸಿದ ಅತ್ತೆ ಎಂದು ಅವಳ ಹೆಸರು ಮೂರು ತಾಲೂಕಿಗೆ ಗೊತ್ತಿತ್ತು.

ಹೊನ್ನಿಗೆ ಐದು ತಿಂಗಳಾಗಿದ್ದಾಗ ಮೇಳ ಮೂಡಣ ಸೀಮೆಯ ನಾಕೆಗೆ ಬಂತು. ಅಲ್ಲಿನ ನಾಕೇದಾರ ತಮ್ಮಾಜಿರಾಯ, ಗಡಿಯ ಅಡ್ಡಗೋಲನ್ನು ಎತ್ತುವುದಕ್ಕಿಂತ ಇಳಿಸುವುದರಲ್ಲೇ ಖುಷಿ ಕಾಣುವ ಮನುಷ್ಯ. "ನಿಮ್ಮ ಮಾತಿನ ಧಾಟಿ ಪಡುವಣದ್ದದ. ನಮ್ಮ ಸೀಮ್ಯಾಗ ಬಿಡ್ಲಿಕ್ಕೆ ಬರೂದಿಲ್ಲ" ಎಂದ. ಹಾಗೆಂದು ಪಡುವಣದ ನಾಕೆಗೆ ಹೋದರೆ, ಅಲ್ಲಿನ ನಾಕೇದಾರ ಗದಿಗೆಪ್ಪ ಗಾಡಿಯ ಗಾಲಿ ನೋಡಿ, "ಈ ಕೆಮ್ಮಣ್ಣು ಮೂಡಣದ್ದು. ನೀವು ಅಲ್ಲಿಯವ್ರು" ಎಂದ. ಎರಡು ನಾಕೆಗಳ ನಡುವೆ ಮೇಳ ಮೂರು ಸಲ ಹೋಗಿ ಬಂತು. ಕೊನೆಗೆ ಎತ್ತುಗಳೇ ನಿಂತುಬಿಟ್ಟವು.

ಅವು ನಿಂತದ್ದು ಓಡುವ ಬಯಲಿನಲ್ಲಿ. ಆ ಬಯಲು ಯಾರದೂ ಅಲ್ಲ, ಯಾಕೆಂದರೆ ಅದು ನಿಂತಲ್ಲಿ ನಿಲ್ಲುವುದಿಲ್ಲ. ಕುರುಬರು ಸಂಜೆ ಅದರ ಮೇಲೆ ಹಟ್ಟಿ ಹಾಕಿದರೆ ಬೆಳಿಗ್ಗೆ ಹಟ್ಟಿ ಹಳ್ಳದಾಚೆ ಇರುತ್ತಿತ್ತು. ಪಡುವಣದ ಅರಸ ಒಮ್ಮೆ ಅಲ್ಲಿ ಕಾವಲು ಬುರುಜು ಕಟ್ಟಿಸಿದ್ದ. ಒಂದು ಮುಂಜಾನೆ ಬುರುಜು, ಕಾವಲುಗಾರರ ಸಮೇತ, ಮೂಡಣದವರ ಜೋಳದ ಹೊಲದ ನಡುವೆ ನಿಂತಿತ್ತು. ಹೊಲದವರು ಪಾಪ ಒಳ್ಳೆಯವರು, ಕಾವಲುಗಾರರಿಗೆ ಮಜ್ಜಿಗೆ ಕೊಟ್ಟು ಕಳಿಸಿದರು. ಅಂದಿನಿಂದ ಎರಡೂ ಸೀಮೆಯವರು ಆ ಬಯಲಿನ ಗೊಡವೆಗೆ ಹೋಗಿರಲಿಲ್ಲ.

ಮೇಳದವರಿಗೆ ಇದೇನೂ ಗೊತ್ತಿಲ್ಲ. ಇಮಾಮಸಾಬ ಎಂದಿನಂತೆ ಸಾಧನೆಗೆ ಕುಳಿತ. ಹೊನ್ನಿಗೆ ನಿದ್ದೆ ಬರಲೆಂದು ಯಮನಪ್ಪ ಮೆಲ್ಲಗೆ ಸಂಬಾಳ ನುಡಿಸುತ್ತಿದ್ದ, ಅವನು ಸೋತಾಗ ಫಕೀರವ್ವ ಹಾಡುತ್ತಿದ್ದಳು. ಬೆಳಗಾದಾಗ ಬಯಲು ಇದ್ದಲ್ಲೇ ಇತ್ತು. ತಮ್ಮಾಜಿರಾಯ ಹಲ್ಲುಜ್ಜುತ್ತಾ ನಾಕೆಯ ಕಟ್ಟೆಗೆ ಬಂದವನು ಬೇವಿನ ಕಡ್ಡಿಯನ್ನು ಬಾಯಲ್ಲೇ ಮರೆತು ನಿಂತ. ಮರುದಿನ ಎಲ್ಲರೂ ದಣಿದು ಸುಮ್ಮನೆ ಮಲಗಿದರು, ಎದ್ದು ನೋಡಿದರೆ ಗಾಡಿಗಳು ಕೂಗಳತೆ ದೂರ ಸರಿದಿದ್ದವು. ಮೂರನೆಯ ದಿನ ನುಡಿಸಿದರು, ನಿಂತಿತು. ಫಕೀರವ್ವ ಮಂಡಿಯೂರಿ ಆ ನೆಲದ ಮೇಲೆ ಅಂಗೈ ಇಟ್ಟಳು. ಅವಳಿಗೆ ಅದರ ಮೇಲೆ ಸಿಟ್ಟು ಬರಲಿಲ್ಲ, ಅಯ್ಯೋ ಅನಿಸಿತು.

"ಇದೂ ನಮ್ಮಂಗ ತಿರುಗಿ ತಿರುಗಿ ಸಾಕಾಗೇತಿ. ಯಾರೂ ಒಂದ್ ಹಾಡು ಹೇಳಿ ಕುಂಡ್ರಸಿಲ್ಲ ಇದನ್ನ" ಎಂದಳು. "ಯಮನಪ್ಪಾ, ಎತ್ತಿನ ನೊಗ ಬಿಚ್ಚು. ಇಲ್ಲೇ ಮನಿ ಕಟ್ಟೂದು."

ತಮ್ಮಾಜಿರಾಯ ಬಿದ್ದು ಬಿದ್ದು ನಕ್ಕ. ನಕ್ಕು ಸುಸ್ತಾದ ಮೇಲೆ ಕಾಯ್ದೆ ಹೇಳಿದ. ಎರಡು ಸೀಮೆಯವರೂ ಜಗಳವಿಲ್ಲದೆ ಒಪ್ಪಿಕೊಂಡಿದ್ದ ಕಾಯ್ದೆ ಅದೊಂದೇ. "ನೋಡವಾ, ನೀ ಎಷ್ಟ ಗ್ವಾಡಿ ಕಟ್ಟಿದ್ರೂ ಅದು ಬಿಡಾರ. ಸೂರಿನ ಕೆಳಗ ಒಂದು ಕೂಸು ಹುಟ್ಟಬೇಕು, ಅವಾಗ ಅದು ಊರು. ಬಿಡಾರ ಆದ್ರ ನಾನು ಯಾವಾಗ ಬೇಕಾದ್ರೂ ಎಬ್ಬಸಬಹುದು. ಊರನ್ನ ಎಬ್ಬಸ್ಲಿಕ್ಕೆ ಅರಸರಿಗೂ ಬರೂದಿಲ್ಲ. ಮತ್ತ ಕೂಸು ಯಾವ ಸೀಮ್ಯಾಗ ಹುಟ್ತದೋ ಊರು ಆ ಸೀಮಿದು."

"ಎರಡೂ ಸೀಮಿ ಅಲ್ಲದ ಕಡೆ ಹುಟ್ಟಿದ್ರ?" ಫಕೀರವ್ವ ಕೇಳಿದಳು.

"ಹಂಗ ಎಂದೂ ಹುಟ್ಟಿಲ್ಲ" ಎಂದ ತಮ್ಮಾಜಿರಾಯ. "ಹುಟ್ಟಿದ್ರ ಆ ಊರು ಯಾವ ಸೀಮಿದೂ ಅಲ್ಲ, ಅಲ್ಲಿಯವರದ. ಆದ್ರ ಈ ಬಯಲು ನಿಮ್ಮ ಮಾತು ಕೇಳ್ತದೇನು? ನಾನೂ ಇಲ್ಲೇ ಇರ್ತೀನಿ, ನೋಡೂಣು."

ಫಕೀರವ್ವ ಮಗಳ ಹೊಟ್ಟೆ ನೋಡಿದಳು, ಬಯಲು ನೋಡಿದಳು. ಅವಳಿಗೆ ಬೇಕಾಗಿದ್ದ ಎರಡೂ ಒಂದೇ ಆಗಿದ್ದವು. ಸೂರು ಎದ್ದು ಅದರಡಿ ಕೂಸು ಹುಟ್ಟಿದರೆ ಮಗಳೂ ಉಳಿದಳು, ಊರೂ ಉಳಿಯಿತು.

ಕಟ್ಟಲು ಶುರುಮಾಡಿದರು. ಒಬ್ಬರು ಮಣ್ಣು ಕಲಸುವಾಗ ಇನ್ನೊಬ್ಬರು ಹಾಡಬೇಕು, ಒಬ್ಬರು ಉಣ್ಣುವಾಗ ಇನ್ನೊಬ್ಬರು ಬಾರಿಸಬೇಕು. ದನಿ ನಿಲ್ಲಬಾರದು, ಅಷ್ಟೆ. ಮದುವೆಮನೆಗಳಲ್ಲಿ ರಾತ್ರಿಯಿಡೀ ನುಡಿಸಿ ರೂಢಿಯಿದ್ದವರಿಗೆ ಇದು ದೊಡ್ಡದಲ್ಲ. ಆದರೆ ಹತ್ತು ಜನರಿಂದ ಎಷ್ಟು ದಿನ? ಅಷ್ಟರಲ್ಲಿ ಸುದ್ದಿ ಹಬ್ಬಿತು. ಎರಡೂ ಸೀಮೆಗೆ ಬೇಡವಾದವರು ಒಬ್ಬೊಬ್ಬರಾಗಿ ಗಂಟು ಹೊತ್ತು ಬಂದರು. ಅಣ್ಣತಮ್ಮಂದಿರು ಹೊರಹಾಕಿದ ಗಾಣದ ಬಸಣ್ಣ ಮತ್ತು ಅವನ ಹೆಂಡತಿ ಮಾದೇವಿ ಬಂದರು. ಮನೆಯವರು ಒಪ್ಪದ ಮದುವೆ ಮಾಡಿಕೊಂಡ ಜೋಡಿ ಬಂತು. ಒಬ್ಬ ಕಮ್ಮಾರ ಕುಲುಮೆಯನ್ನು ತಲೆಯ ಮೇಲೆ ಹೊತ್ತು ಬಂದ. ಫಕೀರವ್ವ ಯಾರನ್ನೂ ಯಾವ ಊರು, ಯಾವ ಕುಲ ಎಂದು ಕೇಳಲಿಲ್ಲ. ಏನು ಬರುತ್ತದೆ ಎಂದಷ್ಟೇ ಕೇಳಿದಳು. ಕಮ್ಮಾರನ ಸುತ್ತಿಗೆ ತಾಳಕ್ಕಾಯಿತು. ಹೆಂಗಸರ ಬೀಸುವ ಪದ, ಕುಟ್ಟುವ ಪದ ಪಾಳಿಗಾದವು. ಗಂಡ ಹೆಂಡತಿ ಜಗಳವಾಡಿದರೂ ಲಯ ತಪ್ಪದಿದ್ದರೆ ಅದನ್ನೂ ಪಾಳಿಯಲ್ಲೇ ಎಣಿಸುತ್ತಿದ್ದರು. ಆ ಹೊಸ ಜೋಡಿಯಿಂದ ಬೇರೆಯವರಿಗೆ ಎಷ್ಟೋ ಮಧ್ಯಾಹ್ನ ನಿದ್ದೆ ಸಿಕ್ಕಿತಂತೆ.

ತೊಂದರೆ ಕೊಟ್ಟವನು ಗಾಣದ ಬಸಣ್ಣ ಒಬ್ಬನೇ. ಮನುಷ್ಯ ಅಪರಂಜಿ, ಲಯ ಮಾತ್ರ ದೇವರು ಕೊಟ್ಟಿರಲಿಲ್ಲ. ಅವನು ತಾಳ ಹಿಡಿದರೆ ನೆಲ ಕುಂಟುತ್ತಿತ್ತು. ಒಂದು ಸಲ ಅವನ ಪಾಳಿ ಮುಗಿಯುವುದರೊಳಗೆ ಕಮ್ಮಾರನ ಕುಲುಮೆ ಬಚ್ಚಲಿನ ಎದುರಿಗೆ ಬಂದಿತ್ತು. "ಬಸಣ್ಣ, ನೀನು ಗಾಣ ತಿರುವು, ಸಾಕು" ಎಂದು ಫಕೀರವ್ವ ಕೈಮುಗಿದಳು. ಅವನು ಮುಖ ಸಪ್ಪಗೆ ಮಾಡಿಕೊಂಡು ಹೋದ. ಆದರೂ ಪ್ರತಿದಿನ ಬಂದು ಇವತ್ತು ನನಗೇನಾದರೂ ಪಾಳಿ ಉಂಟೇ ಎಂದು ಕೇಳುವುದನ್ನು ಬಿಡಲಿಲ್ಲ.

ಹೊನ್ನಿಗೆ ದಿನ ತುಂಬುವ ಹೊತ್ತಿಗೆ ನಡುವಿನ ದೊಡ್ಡ ಮನೆ ಎದ್ದು ನಿಂತಿತು. ಮಣ್ಣಿನ ಗೋಡೆ, ಬೇವಿನ ತೊಲೆ, ಮೇಲೆ ಜೋಳದ ದಂಟಿನ ಹೊದಿಕೆ. ಫಕೀರವ್ವ ಹೊಸ್ತಿಲಿಗೆ ಅರಿಸಿನ ಹಚ್ಚಿದಳು. ಬೇರೆಯವರ ಹೊಸ್ತಿಲಿನ ಹೊರಗೆ ನಿಂತೇ ಕೂದಲು ಬೆಳ್ಳಗಾಗಿದ್ದವಳು ಅವತ್ತು ತನ್ನ ಹೊಸ್ತಿಲನ್ನು ದಾಟಿ ಒಳಗೆ ಹೋದಳು, ಮತ್ತೆ ಹೊರಗೆ ಬಂದಳು, ಮತ್ತೆ ಒಳಗೆ ಹೋದಳು. ಮಾದೇವಿ "ಯವ್ವಾ, ಹೊಸ್ತಿಲಾ ಸವದೀತು" ಎಂದು ನಗಾಡಿದಳು. ಫಕೀರವ್ವ ಅತ್ತಳು. ಸಂತೋಷಕ್ಕೆ ಅತ್ತಳು, ಅದನ್ನು ಮುಚ್ಚಿಡಲಿಲ್ಲ.

ಮನೆ ಒಕ್ಕಲು ಆದದ್ದು ಬೆಳಿಗ್ಗೆ. ಮೇಳವೆಲ್ಲ ಅಂಗಳದಲ್ಲಿ ಕುಳಿತು ಕಚೇರಿ ಮಾಡಿತು. ಅಂಥ ಕಚೇರಿ ತನ್ನ ಜೀವಮಾನದಲ್ಲಿ ಇನ್ನೊಂದಾಗಲಿಲ್ಲ ಎಂದು ಇಮಾಮಸಾಬ ಸಾಯುವವರೆಗೂ ಹೇಳುತ್ತಿದ್ದನಂತೆ. ತಮ್ಮಾಜಿರಾಯನೂ ಗದಿಗೆಪ್ಪನೂ ತಮ್ಮ ತಮ್ಮ ನಾಕೆಯ ಕಟ್ಟೆಯ ಮೇಲೆ ಕುಳಿತು, ಕೇಳದವರ ಹಾಗೆ ಕೇಳುತ್ತಿದ್ದರು. ಬಿಸಿಲೇರಿತು. ಹೋಳಿಗೆಯ ವಾಸನೆ ಬಂತು. ತುಂಬಿದ ಮನಸ್ಸಿನ ಫಕೀರವ್ವ, ಕಣ್ಣು ಮುಚ್ಚಿ, ಜೀವಮಾನವೆಲ್ಲ ಮಾಡಿದ್ದನ್ನೇ ಮಾಡಿದಳು. ಮಂಗಳ ಹಾಡಿದಳು.

ಎಲ್ಲರೂ ದನಿಗೂಡಿಸಿದರು. ಯಾರಿಗೂ ಹೊಳೆಯಲಿಲ್ಲ. ಮೇಳದವರ ಮೈಗೆ ಹತ್ತಿದ ರೂಢಿ ಅದು: ಕೈಮುಗಿದರು, ಸನಾದಿಗೆ ವಸ್ತ್ರ ಸುತ್ತಿದರು, ಸಂಬಾಳವನ್ನು ಚೀಲಕ್ಕೆ ಇಳಿಸಿದರು, ಎಲೆಯ ಮುಂದೆ ಕುಳಿತರು. ಪಾಳಿಯವಳು ಬೀಸುವ ಕಲ್ಲು ಬಿಟ್ಟು ಊಟಕ್ಕೆ ಬಂದಳು. ಮಂಗಳವಾದ ಮೇಲೆ ಯಾರಾದರೂ ಹಾಡುತ್ತಾರೆಯೇ? ಕಮ್ಮಾರನೂ ಸುತ್ತಿಗೆ ಇಟ್ಟ. ಎಷ್ಟೋ ತಿಂಗಳ ಮೇಲೆ ಮೊದಲ ಸಲ ಆ ಬಯಲಿನಲ್ಲಿ ಸದ್ದು ನಿಂತಿತು. ಎಲೆಯ ಮೇಲಿನ ತುಪ್ಪ ಮೆಲ್ಲಗೆ ಒಂದು ಕಡೆಗೆ ಹರಿಯಿತು. ಯಮನಪ್ಪ ಅದನ್ನು ಹೋಳಿಗೆಯ ತುಂಡಿನಿಂದ ತಡೆದವನು ತಲೆ ಎತ್ತಿ ನೋಡಿದ. ಮೂಡಣದ ನಾಕೆ ಹತ್ತಿರ ಬರುತ್ತಿತ್ತು.

"ಅವ್ವಾ, ಊರು ಹೊಂಟೈತಿ!" ಎಂದು ಕೂಗಿದ.

ಬಯಲು ಮೂಡಣಕ್ಕೆ ಮುಖ ಮಾಡಿ ಹೊರಟಿತ್ತು, ಮನೆ ಕುಲುಮೆ ಗಾಣ ಎಲ್ಲವನ್ನೂ ಹೊತ್ತುಕೊಂಡು. ಒಂದು ಗೋಡೆ ಬಿರುಕು ಬಿಟ್ಟಿತು. ಸೂರಿನ ದಂಟುಗಳು ಸರಸರ ಜಾರಿದವು. ಅದೇ ಹೊತ್ತಿಗೆ ಮನೆಯೊಳಗಿನಿಂದ ಹೊನ್ನಿ ಚೀರಿದಳು. ಸೂಲಗಿತ್ತಿಯಾಗಿ ನಿಂತಿದ್ದ ಮಾದೇವಿ ಬಾಗಿಲಿಗೆ ಬಂದು, "ಬ್ಯಾನಿ ಸುರು ಆಗ್ಯಾವ. ಇನ್ನ ಭಾಳ ಹೊತ್ತು ಆಗೂದಿಲ್ಲ" ಎಂದಳು.

ತಮ್ಮಾಜಿರಾಯ ಕಟ್ಟೆಯಿಂದ ಇಳಿದು ಬಂದ. ಅವನ ಮುಖ ಹಬ್ಬದ ಹಾಗಿತ್ತು. "ಬರ್ರಿ ಬರ್ರಿ, ನೀವ ನಡಕೋತ ಬಂದ್ರಿ, ನಾ ಕರದಿಲ್ಲ! ಇನ್ನೊಂದ್ ಸ್ವಲ್ಪ ಮುಂದ ಬಂದು ಆ ಕೂಸು ಹುಟ್ಟಿತಂದ್ರ ಊರು ಮೂಡಣದ್ದು. ಅರಸರು ಭಾಳ ದಿನದಿಂದ ಗಡಿಯೊಳಗ ಕುದುರಿ ಲಾಯ ಕಟ್ಟಸಬೇಕಂತ ಮಾಡ್ಯಾರ. ಈ ಮನಿ ಚಲೋ ಅದ. ಹಾಡೂದು ಬಾರಸೂದು ಎಲ್ಲಾ ಬಂದ್, ಕುದುರಿ ಬೆದರ್ತಾವ."

ಫಕೀರವ್ವ ಎಲೆಯ ಮುಂದೆ ಕುಳಿತಲ್ಲೇ ಕುಳಿತಿದ್ದಳು. ಕಟ್ಟಿದ ತಾನೇ ಕೆಡವಿದೆ ಎಂಬುದು ಅವಳಿಗೆ ಯಾರೂ ಹೇಳದೆ ತಿಳಿದಿತ್ತು. ಜನ ಅವಳ ಕಡೆ ನೋಡಿದರು, ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಯಮನಪ್ಪ ಸಂಬಾಳದ ಚೀಲಕ್ಕೆ ಕೈ ಹಾಕಿ, ಹಾಕಿದ ಕೈಯನ್ನು ಹಾಗೇ ಹಿಡಿದು ಅತ್ತೆಯ ಮುಖ ನೋಡಿದ. ಒಳಗೆ ಅವನ ಹೆಂಡತಿ ನರಳುತ್ತಿದ್ದಾಳೆ, ಕೆಳಗೆ ನೆಲ ಓಡುತ್ತಿದೆ, ಆದರೂ ಅವಳ ಅಪ್ಪಣೆಯಿಲ್ಲದೆ ಅವನು ವಾದ್ಯ ಮುಟ್ಟಲಾರ. ಪಂಕ್ತಿಯಿಂದ ಎಬ್ಬಿಸಿದ್ದನ್ನು ಅವನು ಮರೆತಿರಲಿಲ್ಲ.

"ಇಮಾಮಣ್ಣ, ಮತ್ತ ಸುರು ಮಾಡೂಣೇನು?" ಎಂದು ಫಕೀರವ್ವ ಕೇಳಿದಳು.

ಈಗ ನನ್ನ ಮುತ್ತಜ್ಜನ ಸರದಿ. ಊರನ್ನು ಉಳಿಸಿದ ಆ ಮಹಾನುಭಾವ ಏನು ಹೇಳಿದ ಗೊತ್ತೇ? "ಮುಗಿಸಿದ ಕಚೇರಿ ತಿರುಗಿ ತೆರಿಯಾಕ ಬರೂದಿಲ್ಲವ್ವಾ. ನಿಮ್ಮವ್ವ ನನಗೂ ಅದನ್ನ ಕಲಿಸ್ಯಾಳ" ಎಂದ. ನಮ್ಮ ಮನೆಯಲ್ಲಿ ಈ ಮಾತನ್ನು ಹೇಳುವುದಿಲ್ಲ. ಬೇರೆ ಎಲ್ಲ ಮನೆಗಳಲ್ಲೂ ಹೇಳುತ್ತಾರೆ.

ಹೊನ್ನಿ ಮತ್ತೆ ಚೀರಿದಳು. ಹುಣಸೆ ಮರದಡಿಯ ಚೀರು, ಅಗಸೆ ಬಾಗಿಲಿನ ಹೊರಗಿನ ಚೀರು, ಎರಡೂ ಫಕೀರವ್ವನ ಕಿವಿಯಲ್ಲಿ ಒಟ್ಟಿಗೆ ಎದ್ದವು. ತಾಯಿಯ ಕಟ್ಟಳೆ ದೊಡ್ಡದೋ ಮಗಳ ಕೂಸು ದೊಡ್ಡದೋ ಎಂದು ಅಳೆಯುತ್ತಾ ಕುಳಿತಿದ್ದರೆ ನಾನು ಇವತ್ತು ನಿಮಗೆ ಕಥೆ ಹೇಳುತ್ತಿರಲಿಲ್ಲ, ಕುದುರೆಯ ಲದ್ದಿ ಬಾಚುತ್ತಿದ್ದೆ. ಅವಳು ಅಳೆಯಲಿಲ್ಲ. ಓಡುತ್ತಿರುವ ನೆಲವನ್ನೇ ನೋಡಿದಳು. ಗೊತ್ತುಗುರಿಯಿಲ್ಲದೆ ಮುಂದೆ ಹೋಗುತ್ತಿದ್ದ ಅದನ್ನು ನೋಡುತ್ತಾ ನೋಡುತ್ತಾ ಅವಳ ಹುಬ್ಬು ಮೇಲಕ್ಕೇರಿತು. ನಡೆಯುವವರನ್ನು ನಿಲ್ಲಿಸುವುದು ತನ್ನ ಕಸುಬಲ್ಲ. ನಡೆಯುವವರನ್ನು ಮನೆಗೆ ಕರೆತರುವುದು ತನ್ನ ಕಸುಬು.

"ಕಚೇರಿ ಮುಗದೈತಿ, ಖರೆ" ಎಂದು ಎದ್ದು ನಿಂತಳು. "ಮುಗದದ್ದನ್ನ ಯಾರು ತೆರೀತಾರ? ಅದು ಹಂಗ ಇರಲಿ. ಆದ್ರ ಮೆರವಣಿಗಿ ಎಲ್ಲಿ ಆತು? ಮನಿ ಕಟ್ಟಿದ್ವಿ, ಹೊಸ್ತಿಲಾ ಪೂಜಿ ಮಾಡಿದ್ವಿ. ಮದುಮಗಳನ್ನ ಕರಕೊಂಡು ಬರಲೇ ಇಲ್ಲಲ್ಲ!"

"ಯಾವ ಮದುಮಗಳು?" ಇಮಾಮಸಾಬ ಬೆಪ್ಪಾದ.

"ಇಕಾ, ಕಾಲ ಕೆಳಗ ಓಡಾಕ ಹತ್ಯಾಳಲ್ಲ, ಈಕಿ! ನಾವು ಇಲ್ಲಿಗೆ ಬಂದಾಗಿಂದ ಈಕಿನ್ನ ಬರೇ ಕುಂಡ್ರಿಸಿ ಹಾಡು ಹೇಳಿವಿ. ಮನಿ ತುಂಬ್ಸಿಕೊಂಡೇ ಇಲ್ಲ. ತೆಗೀರಿ ವಸ್ತ್ರ!"

ಅವಳೇ ಕೈಯಾರೆ ಸನಾದಿಯ ವಸ್ತ್ರ ಬಿಚ್ಚಿ ಇಮಾಮಸಾಬನ ಕೈಗೆ ಕೊಟ್ಟಳು. ಅವನ ಕೈ ತಡಬಡಿಸಿತು, ಆದರೆ ಉಸಿರು ತಡಬಡಿಸಲಿಲ್ಲ. ಇಷ್ಟನ್ನಾದರೂ ನಮ್ಮ ಮನೆಯವರ ಮಾತಿನಂತೆ ಒಪ್ಪಿಕೊಳ್ಳಿ. ಮೇಳ ಎದ್ದಿತು. ಎಲ್ಲರೂ ಪಡುವಣದ ಅಂಚಿಗೆ ಓಡಿದರು, ಬಯಲು ಹೋಗುತ್ತಿದ್ದ ದಿಕ್ಕಿಗೆ ಬೆನ್ನು ಹಾಕಿ ನಿಂತರು, ಮದುವೆ ಮೆರವಣಿಗೆಯಲ್ಲಿ ನಿಲ್ಲುವ ಹಾಗೆಯೇ: ಮುಂದೆ ಸನಾದಿ, ಹಿಂದೆ ಸಂಬಾಳ, ನಡುವೆ ಫಕೀರವ್ವ. ಅವಳು ಸೆರಗು ಸಿಕ್ಕಿಸಿ ಮನೆ ತುಂಬಿಸುವ ಹಾಡು ಎತ್ತಿಕೊಂಡಳು. ಬಾರವ್ವ, ಬಲಗಾಲಿಟ್ಟು ಬಾರವ್ವ, ಇದು ನಿನ್ನ ಮನಿ, ನಿನ್ನ ಒಲಿ, ನಿನ್ನ ಅಂಗಳ. ಪರರ ಸೊಸೆಯಂದಿರಿಗೆ ಹಾಡಿ ಹಾಡಿ ಅರ್ಥ ಸವೆದು ಹೋಗಿದ್ದ ಆ ಮಾತುಗಳು ಅವತ್ತು ಅವಳ ಬಾಯಲ್ಲಿ ಆಗತಾನೇ ಹುಟ್ಟಿದ ಹಾಗಿದ್ದವು.

ಮೊದಲು ಏನೂ ಆಗಲಿಲ್ಲ. ಮೇಳ ಪಡುವಣಕ್ಕೆ ಹೆಜ್ಜೆ ಹಾಕುತ್ತಿತ್ತು, ನೆಲ ಮೂಡಣಕ್ಕೆ ಎಳೆಯುತ್ತಿತ್ತು. ಎಷ್ಟು ನಡೆದರೂ ನಿಂತಲ್ಲೇ ಇದ್ದರು. ಊರಿನ ಮುಂಚೂಣಿಯ ಗಾಣ ಮೂಡಣದ ಗಡಿಕಲ್ಲು ದಾಟಿತು. ತಮ್ಮಾಜಿರಾಯ ಆ ಗಾಣಕ್ಕೇ ಒರಗಿ ನಿಂತು ಮೀಸೆ ತಿರುವಿದ. ಕಮ್ಮಾರನ ಕುಲುಮೆ ದಾಟಿತು. ಇನ್ನು ದೊಡ್ಡ ಮನೆ. ಫಕೀರವ್ವ ತಿರುಗಿ ನೋಡಲಿಲ್ಲ. ಮೆರವಣಿಗೆಯ ಮುಂದಿರುವವರು ಹಿಂದೆ ನೋಡಿದರೆ ಮದುಮಗಳಿಗೆ ಅನುಮಾನ ಬರುತ್ತದೆ, ಅದೂ ಅವಳಿಗೆ ಗೊತ್ತಿತ್ತು. ಹಾಡನ್ನು ಮಾತ್ರ ಏರಿಸಿದಳು. ಮೇಳವಲ್ಲದವರೂ ಸೇರಿದರು. ಕಮ್ಮಾರ ಬರಿಗೈಯಲ್ಲಿ ತೊಡೆ ತಟ್ಟಿದ, ಹೆಂಗಸರು ಕೊಡದ ಮೇಲೆ ಬಳೆಗೈ ಬಡಿದರು, ಹೊಸ ಜೋಡಿ ಅಂದು ಜಗಳ ಮರೆತು ಒಂದೇ ದನಿಯಲ್ಲಿ ಹಾಡಿತು.

ಆಗ ನೆಲ ತಡೆಯಿತು. ತಡೆದು, ಒಮ್ಮೆ ಮೈ ಕೊಡವಿ, ತಿರುಗಿತು. ತವರಿಗೆ ಮುನಿಸಿಕೊಂಡು ಹೊರಟವಳು ದಾರಿಯಲ್ಲಿ ಯಾರೋ ಹೆಸರು ಹಿಡಿದು ಕರೆದರೆ ತಿರುಗುತ್ತಾಳಲ್ಲ, ಹಾಗೆ. ಒರಗಿದ್ದ ಗಾಣ ಸರಿದು ಹೋಗಿ ತಮ್ಮಾಜಿರಾಯ ನೆಲಕ್ಕೆ ಕುಳಿತ. ಕುಲುಮೆ ಗಡಿಕಲ್ಲಿನಿಂದ ಈಚೆ ಬಂತು. ಮೇಳ ಒಂದು ಹೆಜ್ಜೆ ಇಟ್ಟರೆ ಊರೂ ಒಂದು ಹೆಜ್ಜೆ ಇಟ್ಟಿತು. ಇಡೀ ಊರು, ಗೋಡೆ ಸೂರು ಒಲೆಯ ಮೇಲಿನ ಪಾತ್ರೆಯ ಸಮೇತ, ನಡು ಮಧ್ಯಾಹ್ನದ ಬಿಸಿಲಿನಲ್ಲಿ ಸನಾದಿಯ ಹಿಂದೆ ನಡೆದು ಬಂತು. ಪಡುವಣದ ಕಟ್ಟೆಯಲ್ಲಿ ಕುಳಿತಿದ್ದ ಗದಿಗೆಪ್ಪ ಎದ್ದು ನಿಂತು, ತನಗೆ ಗೊತ್ತಿಲ್ಲದೆ ರುಮಾಲು ಸರಿಮಾಡಿಕೊಂಡ. ಮದುಮಗಳು ಬರುವಾಗ ಎಲ್ಲರೂ ಮಾಡುವುದು ಅದನ್ನೇ.

ಊರು ಎರಡು ನಾಕೆಗಳ ನಡುವೆ ಬರುತ್ತಿರುವಾಗ ದೊಡ್ಡ ಮನೆಯೊಳಗಿಂದ ಕೂಸಿನ ಅಳು ಕೇಳಿಸಿತು. ಒಳ್ಳೆ ಗಟ್ಟಿ ಅಳು. ಮಾದೇವಿ ಬಾಗಿಲಿನಲ್ಲಿ ನಿಂತು, "ಹೆಣ್ಣು ಕೂಸು! ತಾಯಿ ಮಗಳು ಇಬ್ರೂ ಚಲೋ ಅದಾರ!" ಎಂದು ಕೂಗಿದಳು. ಸಂಬಾಳದ ಮೇಲೆ ಯಮನಪ್ಪನ ಕೈಗಳು ಹುಚ್ಚಾದವು. ಆದರೆ ನಿಲ್ಲಿಸುವಂತಿಲ್ಲ. ಮಗಳು ಹುಟ್ಟಿದ್ದಾಳೆ, ಹೆಂಡತಿ ಬದುಕಿದ್ದಾಳೆ, ಮನೆ ಹತ್ತು ಮಾರು ದೂರದಲ್ಲಿದೆ, ಅವನು ಬಾರಿಸುತ್ತಲೇ ಇರಬೇಕು. ಕಣ್ಣೀರು ಗಲ್ಲದಿಂದ ಸಂಬಾಳದ ಚರ್ಮದ ಮೇಲೆ ಬಿದ್ದು ನಾದ ಮಂದವಾಗುತ್ತಿತ್ತು. ಆಗ ಪಕ್ಕದಲ್ಲಿ ಗಾಣದ ಬಸಣ್ಣ ಬಂದು ನಿಂತ. "ಇವತ್ತರ ನನಗ ಪಾಳಿ ಐತೇನಬೇ?" ಎಂದು ಕೇಳಿದ.

ಫಕೀರವ್ವ ಹಾಡು ಬಿಡದೆ ಅವನನ್ನು ನೋಡಿದಳು, ಅಳಿಯನನ್ನು ನೋಡಿದಳು. ಹಾಡಿನ ಧಾಟಿಯಲ್ಲೇ, "ಊರು ಸೊಟ್ಟ ಆದ್ರ ಆಗಲಿ, ಬಸಣ್ಣಗ ಕೊಡು, ನೀ ಹೋಗಿ ಮಗಳ ಮಾರಿ ನೋಡು" ಎಂದು ಹಾಡಿದಳು. ಬಸಣ್ಣ ಸಂಬಾಳ ಕೊರಳಿಗೆ ಹಾಕಿಕೊಂಡು ಮನಸ್ಸು ಬಿಚ್ಚಿ ಬಾರಿಸಿದ. ನೆಲ ಕುಂಟಿತು, ಆದರೂ ನಡೆಯಿತು. ನಮ್ಮ ಊರಿನ ನಡುವಿನ ಓಣಿ ಇವತ್ತಿಗೂ ಕುಡುಗೋಲಿನ ಹಾಗೆ ಬಾಗಿದೆ. ನೆಟ್ಟಗೆ ಮಾಡೋಣ ಎಂದು ಆಗಾಗ ಯಾರಾದರೂ ಹುರುಪಿನವರು ಹೊರಡುತ್ತಾರೆ, ಹಿರಿಯರು ಬೈದು ಕೂರಿಸುತ್ತಾರೆ.

ಊರು ಬಂದು ತನ್ನ ಜಾಗದಲ್ಲಿ ಇಳಿಯಿತು. ಬಿರುಕು ಬಿಟ್ಟ ಗೋಡೆ ಒಂದು ಬಿಟ್ಟರೆ ಎಲ್ಲವೂ ಇತ್ತು. ಇಮಾಮಸಾಬನ ಬಾಯಿ ಊದಿಕೊಂಡಿತ್ತು. ಅವನು ಸನಾದಿ ಇಳಿಸುವ ಮೊದಲೇ ಹೆಂಗಸೊಬ್ಬಳು ಪದ ಎತ್ತಿಕೊಂಡಳು, ಅವಳದು ಮುಗಿಯುವ ಮೊದಲೇ ಇನ್ನೊಬ್ಬಳು. ಯಾರೂ ಹೇಳಿಕೊಟ್ಟದ್ದಲ್ಲ.

ಇಬ್ಬರು ನಾಕೇದಾರರೂ ಓಡಿ ಬಂದರು. ತಮ್ಮಾಜಿರಾಯನ ಧೋತರದ ಹಿಂದೆ ಗಾಣದ ಎಣ್ಣೆ ಮೆತ್ತಿತ್ತು. "ಗಾಣ ನಮ್ಮ ಕಲ್ಲು ದಾಟಿತ್ತು, ಕುಲುಮಿ ದಾಟಿತ್ತು. ಕೂಸು ಹುಟ್ಟೂದು ಅವಾಗನ ಸುರು ಆಗಿತ್ತು. ಕೂಸು ನಮ್ಮದು!" ಎಂದು ಅವನು ಏದುಸಿರು ಬಿಟ್ಟ. ಗದಿಗೆಪ್ಪ ಬಿಡಲಿಲ್ಲ. "ಅತ್ತಿದ್ದು ಯಾವಾಗ? ಊರು ನಮ್ಮ ಕಡೆ ಮಾರಿ ಮಾಡಿ ಬರೂ ಮುಂದ. ಕೂಸು ಪಡುವಣದ್ದು!" ಎಂದ. ಅಲ್ಲ, ಇಲ್ಲ, ಹೌದು ಎಂದು ಇಬ್ಬರೂ ಕೈ ಬೀಸಿ ಬೀಸಿ ಜಗಳವಾಡಿದರು. ಜನ ಸುತ್ತ ನೆರೆದರು. ಕಾಯ್ದೆ ಕಾಯ್ದೆಯೇ, ಯಾರಾದರೂ ಒಂದು ಜಾಗ ಹೇಳಲೇಬೇಕಿತ್ತು, ತಪ್ಪಿ ಹೇಳಿದರೆ ಕಟ್ಟಿದ್ದೆಲ್ಲ ಕುದುರೆಯ ಪಾಲು.

ಫಕೀರವ್ವ ಅಷ್ಟು ಹೊತ್ತಿಗೆ ಒಳಗೆ ಹೋಗಿದ್ದಳು. ಹೊನ್ನಿಯ ಬೆವರಿದ ತಲೆ ನೇವರಿಸಿ, ಯಮನಪ್ಪನ ಕೈಯಿಂದ ಕೂಸನ್ನು ಇಸಕೊಂಡು, ಹಳೆಯ ಸೀರೆಯಲ್ಲಿ ಸುತ್ತಿ, ಬಾಗಿಲಿಗೆ ಬಂದಳು. ಹೊಸ್ತಿಲಿನ ಹೊರಗೆ ಇಬ್ಬರು ನಾಕೇದಾರರು, ಅವರ ಹಿಂದೆ ಜನ. ಒಳಗೆ ಅವಳು. ಹಾಗೆ ಒಳಗಿನಿಂದ ಹೊರಗಿನವರನ್ನು ನೋಡಿದ್ದು ಅವಳ ಬಾಳಿನಲ್ಲಿ ಅದೇ ಮೊದಲು.

"ನೀನ ಹೇಳಬೇ" ಎಂದ ತಮ್ಮಾಜಿರಾಯ, ಸೋತ ದನಿಯಲ್ಲಿ. "ಖರೇ ಹೇಳು. ಕೂಸು ಎಲ್ಲಿ ಹುಟ್ಟಿತು?"

ಫಕೀರವ್ವ ಮೊಮ್ಮಗಳ ಮುಖದಿಂದ ಕಣ್ಣು ಎತ್ತಲಿಲ್ಲ.

"ಮನ್ಯಾಗ" ಎಂದಳು.